ಅಣ್ಣನ ದನಿ, ಹಳೆಯ ಆವೃತ್ತಿ

ತೆರೆಯ ಮೇಲೆ ಮತ್ತೆ ಅದೇ ಕೆಂಪು ಸಾಲು: ಬೇಕಾದ ಲೈಬ್ರರಿ ಸಿಗಲಿಲ್ಲ.

"ಇದೆಯಲ್ಲಪ್ಪಾ, ಕಣ್ಣೆದುರೇ ಬಿದ್ದಿದೆಯಲ್ಲ!" ಎಂದು ಬಸ್ ನಿಲ್ದಾಣದ ಪಾರ್ಸೆಲ್ ಕೋಣೆಯಲ್ಲಿ ಕೂತ ತಮ್ಮ, ಲ್ಯಾಪ್‌ಟಾಪಿಗೆ ಬೈದ.

ಲೈಬ್ರರಿ, ಅಂದರೆ ಪ್ರೋಗ್ರಾಮಿಗೆ ಬೇಕಾದ ಸಿದ್ಧ ಕೋಡಿನ ಕಂತೆ, ಇತ್ತು, ನಿಜ. ಆದರೆ ಹೊಸ ಆವೃತ್ತಿ. ಅವನು ಬರೆದ ಪೈಥಾನ್ ಪ್ರೋಗ್ರಾಮಿಗೂ ದನಿ ಹೊರಡಿಸುವ ಆ ಲೈಬ್ರರಿಗೂ ನಡುವೆ ಬೈಂಡಿಂಗ್ ಎಂಬ ಕೊಂಡಿಯೊಂದಿದೆ. ಅದು ಹಟ ಹಿಡಿದು ಕೇಳುತ್ತಿದ್ದದ್ದು ಹಳೆಯದನ್ನೇ.

ತಪ್ಪು ಅವನದೇ. ನೆಟ್ಟಗೆ ಓಡುತ್ತಿದ್ದ ಲ್ಯಾಪ್‌ಟಾಪಿನ ಲಿನಕ್ಸನ್ನು "ಎಲ್ಲಾ ಅಚ್ಚುಕಟ್ಟಾಗಿರಲಿ" ಎಂದು ಬೆಳಿಗ್ಗೆ ಎದ್ದವನೇ ಪೂರ್ತಿ ಅಪ್‌ಡೇಟ್ ಮಾಡಿದ್ದ. ಹದವಾಗಿದ್ದ ಅಡುಗೆಗೆ ಬಡಿಸುವ ಹೊತ್ತಿಗೆ ಇನ್ನೊಂದು ಹಿಡಿ ಉಪ್ಪು ಸುರಿದ ಹಾಗೆ. ಅದೂ ಅಣ್ಣನ ಕೆಲಸದ ತೀರ್ಮಾನವಾಗುವ ದಿನವೇ.

ಅಣ್ಣ ಈ ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಬಸ್ಸು ಕೂಗುವವನು. ಗಂಟೆ ಬಾರಿಸಿದಂಥ ದನಿ. ನಿದ್ದೆಗಣ್ಣಿನ ಪ್ರಯಾಣಿಕನೂ ಒಂದೇ ಸಲಕ್ಕೆ ಎದ್ದು ಸರಿಯಾದ ಬಸ್ಸು ಹತ್ತುತ್ತಿದ್ದ. ಆ ದನಿ ಒಡೆಯತೊಡಗಿದಾಗ ತಮ್ಮ ಹೇಳಿದ್ದು ಇಷ್ಟೇ: "ಬಿಸಿನೀರು ಕುಡಿಯಣ್ಣ, ಸರಿಹೋಗುತ್ತೆ. ಡಾಕ್ಟರ ಹತ್ರ ಮುಂದಿನ ವಾರ ಕರ್ಕೊಂಡು ಹೋಗ್ತೀನಿ." ಆಫೀಸಿನ ಕೆಲಸದಲ್ಲಿ ಆ ಮುಂದಿನ ವಾರ ಬರಲೇ ಇಲ್ಲ. ಕೊನೆಗೆ ಗಂಟಲಿಗೆ ಕತ್ತರಿ ಹಾಕಬೇಕಾಯಿತು; ಆಮೇಲೆ ಅಣ್ಣನ ಬಾಯಿಂದ ತಮ್ಮ ಒಂದು ಮಾತೂ ಕೇಳಲಿಲ್ಲ. "ಸ್ವಲ್ಪ ಮುಂಚೆ ಕರ್ಕೊಂಡು ಬಂದಿದ್ರೆ..." ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದ ಮಾತು ಅವತ್ತಿನಿಂದ ತಮ್ಮನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಅಣ್ಣ ಒಂದು ದಿನವೂ ಅವನನ್ನು ದೂರಲಿಲ್ಲ. ದೂರುವುದಕ್ಕೆ ದನಿಯಾದರೂ ಎಲ್ಲಿತ್ತು?

ಆಮೇಲೆ ತಮ್ಮ, ಅಣ್ಣನ ಹಳೆಯ ಪ್ರಕಟಣೆಗಳ ರೆಕಾರ್ಡಿಂಗುಗಳನ್ನೆಲ್ಲ ಹುಡುಕಿ ತಂದು ಈ ಪ್ರೋಗ್ರಾಮು ಬರೆದ. ಕೀಬೋರ್ಡಿನಲ್ಲಿ ಮಾತು ಒತ್ತಿದರೆ ಅಣ್ಣನ ಹಳೆಯ ದನಿಯೇ ಮಾತಾಡುತ್ತದೆ. ಮೊದಲ ಸಲ ಕೇಳಿಸಿದಾಗ ಅಣ್ಣ ತಮ್ಮನ ತಲೆ ಸವರಿ ಮುಖ ತಿರುಗಿಸಿಕೊಂಡಿದ್ದ. ನಿಲ್ದಾಣದ ಮ್ಯಾನೇಜರು ಒಂದು ಅವಕಾಶ ಕೊಟ್ಟಿದ್ದರು. "ನಾಲ್ಕು ಗಂಟೆಯ ಬಸ್ಸುಗಳನ್ನ ಕೂಗಿ ತೋರಿಸ್ಲಿ. ಅದಾದ್ರೆ ಕುರ್ಚಿ ನಿಮ್ಮಣ್ಣಂದೇ. ಇಲ್ಲಾಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ."

ಕೂಗುವ ಕೋಣೆಯಲ್ಲಿ ನೆಟ್ ಸಿಗದು. ಅದಕ್ಕೇ ಅಣ್ಣನನ್ನು ಅಲ್ಲಿ ಕೂರಿಸಿ, ತಮ್ಮನು ಪಕ್ಕದ ಪಾರ್ಸೆಲ್ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಒದ್ದಾಡುತ್ತಿದ್ದ. ಹೊಸ ಲೈಬ್ರರಿಗೆ ಹಳೆಯದರ ಹೆಸರಿಟ್ಟು ಯಾಮಾರಿಸಲು ನೋಡಿದ. ಪ್ರೋಗ್ರಾಮು ಕಣ್ಣು ಬಿಟ್ಟು, ಒಂದಕ್ಷರ ಆಡದೆ ಸತ್ತಿತು. ಹಳೆಯದನ್ನೇ ತಂದು ಕೂರಿಸಿದ. ಹೊಸದನ್ನು ನಂಬಿದ್ದ ಲ್ಯಾಪ್‌ಟಾಪಿನ ಸೌಂಡೇ ಹೋಯಿತು. ಹೊಸ ಬೈಂಡಿಂಗ್ ಹಾಕಿದ. ಅದಕ್ಕೆ ಅಣ್ಣನ ದನಿಯ ಫೈಲು ಓದಲು ಬರಲಿಲ್ಲ. ಉಳಿದದ್ದು ಒಂದೇ ದಾರಿ: ಹಳೆಯ ಲೈಬ್ರರಿಯನ್ನು ಬೇರೊಂದು ಫೋಲ್ಡರಿನಲ್ಲಿ ಬುಡದಿಂದ ಕಟ್ಟುವುದು. ಶುರು ಮಾಡಿದ. ಸಾಲುಗಳು ಆಮೆಯ ಹಾಗೆ ತೆವಳಿದವು.

ಚಹಾದವನು ಬಾಗಿಲಲ್ಲಿ ಲೋಟ ಹಿಡಿದು ನಿಂತ. "ನಿಮ್ಮಣ್ಣ ಕೊಡೋಕೆ ಹೇಳಿದ್ರು. ಸಕ್ಕರೆ ಕಮ್ಮಿ ಹಾಕು ಅಂದ್ರು."

ಇಂಥ ಹೊತ್ತಿನಲ್ಲೂ ಅಣ್ಣನಿಗೆ ಕೈಸನ್ನೆ ಮಾಡಿಯಾದರೂ ತಮ್ಮನಿಗೆ ಚಹಾ ಕಳಿಸುವ ಚಿಂತೆ! ಅವನು ಲೋಟವನ್ನು ಪೆಟ್ಟಿಗೆಯ ಮೇಲಿಟ್ಟು ಮತ್ತೆ ತೆರೆಯತ್ತ ಬಾಗಿದ.

ಹಿಂದೆಯೇ ಅತ್ತಿಗೆ ಬಂದಳು. "ಆಗದಿದ್ರೆ ಬಿಡಪ್ಪಾ. ನಿಮ್ಮಣ್ಣ ಏನೂ ಅಂದ್ಕೊಳ್ಳಲ್ಲ."

"ನಾನು ಅಂದ್ಕೋತೀನಿ ಅತ್ತಿಗೆ. ನನ್ನಿಂದಲೇ ತಾನೇ ಇಷ್ಟೆಲ್ಲ?"

ಅತ್ತಿಗೆ ಏನೋ ಹೇಳಲು ಬಾಯಿ ತೆರೆದು, ಬೇಡವೆಂದು ಮುಚ್ಚಿಕೊಂಡಳು. ಅವನಿಗೆ ಅವಳ ಮುಖ ನೋಡಲಾಗಲಿಲ್ಲ. ಈಚೆಗೆ ಅಣ್ಣನ ಮನೆಯ ಮೆಟ್ಟಿಲು ಹತ್ತುವಾಗ ಒಳಗಿಂದ ಅವಳ ಮಾತು, ನಗು ಕೇಳಿಸುತ್ತಿತ್ತು. ಬಾಗಿಲು ತಟ್ಟಿದರೆ ಎಲ್ಲ ಗಪ್‌ಚಿಪ್. ಕೇಳಿದರೆ, "ರೇಡಿಯೋ ಜೊತೆ ಮಾತಾಡ್ತಿದ್ದೆ" ಎನ್ನುತ್ತಿದ್ದಳು. ಪಾಪ, ಮೂಗನಂತಾದ ಗಂಡನೊಡನೆ ಏಗಿ ಏಗಿ ರೇಡಿಯೋಗೆ ಉತ್ತರ ಕೊಡುವ ಗತಿ ಬಂತಲ್ಲ, ತಂದವನು ನಾನೇ ಅಲ್ಲವೇ ಎಂದು ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ.

ಮ್ಯಾನೇಜರು ಇಣುಕಿದರು. "ಏನ್ರೀ, ಆಯ್ತಾ?"

"ಐದೇ ನಿಮಿಷ ಸಾರ್, ದಮ್ಮಯ್ಯ."

"ಬಸ್ಸು ಕಾಯಲ್ಲ ಕಣ್ರೀ," ಎಂದು ಅವರು ಹೊರಟರು. ಅತ್ತಿಗೆಯೂ ಅವರ ಹಿಂದೆ ಓಡಿದಳು.

ತೆರೆಯ ಮೇಲೆ ಸಾಲುಗಳು ನಿಂತವು. ಕೆಂಪು ಬಂತು. ಯಾವುದೋ ಫೈಲು ಇಲ್ಲವಂತೆ. ತಮ್ಮ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಗಂಟಲು ಕಳೆದದ್ದು ಸಾಲದೆಂದು ಕುರ್ಚಿಯನ್ನೂ ಕಳೆದೆನಲ್ಲ!

ಹೊರಗೆ ಧ್ವನಿವರ್ಧಕ ಗೊರಗೊರ ಎಂದಿತು.

"ಪ್ರಯಾಣಿಕರ ಗಮನಕ್ಕೆ..."

ಜಲ್ಲಿಕಲ್ಲಿನ ಮೇಲೆ ತಗಡು ಎಳೆದಂಥ ದನಿ. ಅಣ್ಣನದಲ್ಲ, ಯಂತ್ರದ್ದೂ ಅಲ್ಲ. ಯಾರೋ ಗುರುತಿಲ್ಲದವನು. ಆ ದನಿ ಒಂದು ಬಸ್ಸನ್ನು ಕೂಗಿತು, ಉಸಿರು ಎಳೆದುಕೊಂಡು ಇನ್ನೊಂದನ್ನು ಕೂಗಿತು. ಅಂದರೆ ಮ್ಯಾನೇಜರು ಬೇರೆಯವನನ್ನು ಮೊದಲೇ ಕರೆಸಿಟ್ಟಿದ್ದರು! ಅಣ್ಣನ ಎದುರಿಗೇ, ಅಣ್ಣನ ಕುರ್ಚಿಯಲ್ಲಿ! ಪೆಟ್ಟಿಗೆಗಳನ್ನು ಎಡವಿಕೊಂಡು ತಮ್ಮ ಓಡಿದ. ಕಾಲು ಹಿಡಿದಾದರೂ ಸರಿ, ನಾಳೆವರೆಗೆ ಗಡುವು ಕೇಳಬೇಕು.

ಬಾಗಿಲು ತಳ್ಳಿದ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಮ್ಯಾನೇಜರು ಕೈಕಟ್ಟಿ ನಿಂತು ತಲೆದೂಗುತ್ತಿದ್ದರು. ಕುರ್ಚಿಯಲ್ಲಿ ಅಣ್ಣನೊಬ್ಬನೇ ಇದ್ದ. ಕತ್ತಿನ ನರ ಉಬ್ಬಿತ್ತು. ಕೊನೆಯ ಬಸ್ಸು ಕೂಗಿ ಮುಗಿಸಿ, ಮೈಕಿನ ಸ್ವಿಚ್ಚು ಆರಿಸಿ, ಸಿಕ್ಕಿಬಿದ್ದ ಕಳ್ಳನ ಹಾಗೆ ತಮ್ಮನ ಕಡೆ ತಿರುಗಿದ.

"ಈ ಒಡಕು ಗಂಟಲು ಕೇಳಿದಾಗೆಲ್ಲ ನಿನ್ನನ್ನ ನೀನೇ ಬೈಕೋತೀಯ ಅಂತ, ನೀನು ಬಂದಾಗ ಮಾತ್ರ ಬಾಯಿ ಮುಚ್ಕೋತಿದ್ದೆ ಕಣೋ."