ಮಧ್ಯದ ಮಾಡೆಲ್

ಗಂಡ ಶೋರೂಮಿನ ಒಳಗೆ ಕಾಲಿಟ್ಟದ್ದೇ ತಡ, ಅವಳು ಪ್ರದರ್ಶನಕ್ಕಿಟ್ಟಿದ್ದ ಕೆಂಪು ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತುಬಿಟ್ಟಳು. ಕಪ್ಪು ಗಾಜು. ಬೆರಳಗಲ ಇಳಿಸಿದ ಕಿಟಕಿ. ಓಡಿ ಬಂದ ಸೇಲ್ಸ್ ಹುಡುಗಿಯನ್ನು, ಸ್ವಲ್ಪ ಹೊತ್ತು ಕೂತು ನೋಡುತ್ತೇನೆ, ನೀನು ಹೋಗಮ್ಮ ಎಂದು ಸಾಗಹಾಕಿದಳು. ಸುಳ್ಳೇನಲ್ಲ, ಕೂತು ನೋಡುವುದಕ್ಕೇ ಬಂದಿದ್ದಳು.

ಗಂಡನ ಹಿಂದೆ ಒಬ್ಬ ಹೆಂಗಸು. ಅಲ್ಲ, ಹೆಂಗಸು ಮುಂದೆ, ಗಂಡ ಹಿಂದೆ. ಜೊತೆಗೊಂದು ಪುಟ್ಟ ಹುಡುಗಿ. ಹುಡುಗಿಯ ಸ್ಕೂಲ್ ಬ್ಯಾಗು ಗಂಡನ ಹೆಗಲಲ್ಲಿ. ಮನೆಯಲ್ಲಿ ತರಕಾರಿ ಚೀಲ ಹಿಡಿಯೆಂದರೆ ಭುಜ ನೋವು ಎನ್ನುವ ಮಹಾರಾಯ!

ಸುದ್ದಿ ಕೊಟ್ಟವಳು ತಂಗಿ. ಹೊಸ ಕಾರುಗಳನ್ನು ಲಾರಿಯಲ್ಲಿ ತಂದು ಶೋರೂಮುಗಳಿಗೆ ಇಳಿಸುವುದು ತಂಗಿಯ ಗಂಡನ ಕೆಲಸ. ಹೋದ ವಾರ ಅವನು ಇಲ್ಲಿಗೆ ಬಂದಾಗ, ಭಾವ ಯಾರೋ ಹೆಂಗಸಿನ ಜೊತೆ ದೊಡ್ಡ ಕಾರು ನೋಡುತ್ತಿದ್ದರಂತೆ. ಶನಿವಾರ ಮತ್ತೆ ಬರುತ್ತೇವೆ ಎಂದರಂತೆ. ಕಾರು ಕೊಳ್ಳುವ ವಿಷಯ ನಮಗೆ ಹೇಳಲೇ ಇಲ್ಲವಲ್ಲಕ್ಕಾ ಎಂದು ತಂಗಿ ಫೋನಿನಲ್ಲೇ ಮುನಿಸಿಕೊಂಡಿದ್ದಳು.

ಲಾರಿಯವನ ಬಾಯಿಂದ ಈ ಸುದ್ದಿ ಬರಬೇಕಾಯಿತಲ್ಲ ಎನ್ನುವುದು ಇನ್ನೊಂದು ಉರಿ. ತಂಗಿ ಅವನನ್ನು ಕಟ್ಟಿಕೊಂಡಾಗ ಎರಡು ವರ್ಷ ಮಾತು ಬಿಟ್ಟವಳು ಇವಳು. ಈಗಲೂ ಅವನು ಮನೆಗೆ ಬಂದರೆ ಹೊರಗಿನ ಪ್ಲಾಸ್ಟಿಕ್ ಕುರ್ಚಿಯೇ ಗತಿ. ಗಾಡಿ ಓಡಿಸುವವನಿಗೆ ಸೋಫಾ ಯಾಕೆ ಎಂದು ಅವಳು ಅಂದಾಗಲೆಲ್ಲ ಕಂಪನಿಯ ಮ್ಯಾನೇಜರಾದ ಗಂಡ ಹೊಟ್ಟೆ ಕುಲುಕಿಸಿ ನಗುತ್ತಿದ್ದ. ಈಚೆಗೆ ಅದೂ ಇಲ್ಲ. ಮನೆಯ ಮಾತೇ ಬೇಡವೆಂಬಂತೆ ಎದ್ದು ಹೋಗುತ್ತಿದ್ದ. ಭಾನುವಾರವೂ ಫೋನು ಬಂದರೆ, ಹತ್ತು ನಿಮಿಷದಲ್ಲಿ ಅಲ್ಲಿರುತ್ತೇನೆ ಎಂದು ಶೂ ಮೆಟ್ಟುತ್ತಿದ್ದ. ಆಫೀಸು ಅಂದಿದ್ದ. ನಂಬಿದ್ದಳು, ಪೆದ್ದಿ. ಮನೆಯ ಹಳೆಯ ಕಾರನ್ನು ಮಾರಿದಾಗಲೂ ಬೇರೆ ಕೊಳ್ಳೋಣ ಬಿಡು ಎಂದಿದ್ದ. ಕೊಳ್ಳುತ್ತಿದ್ದಾನಲ್ಲ ಈಗ, ಯಾರಿಗೋ.

ಸೆಡಾನಿನ ಮೂರು ಮಾಡೆಲ್‌ಗಳು ಸಾಲಾಗಿ ನಿಂತಿದ್ದವು. ಮೂತಿ ಒಂದೇ, ಒಳಗಿನ ಸವಲತ್ತು ಬೇರೆ. ಬೇಸ್ ಮಾಡೆಲ್‌ನಲ್ಲಿ ಹಿಂದಿನ ಸೀಟಿಗೆ ಎ.ಸಿ. ಗಾಳಿ ಬರುವುದಿಲ್ಲ, ರಿವರ್ಸ್ ಕ್ಯಾಮೆರಾ ಇಲ್ಲ ಎಂದು ಸೇಲ್ಸ್‌ಮನ್ ಒಪ್ಪಿಸುತ್ತಿದ್ದ. ಟಾಪ್ ಮಾಡೆಲ್‌ನಲ್ಲಿ ಎಲ್ಲ ಉಂಟು, ಮೇಲೆ ಸನ್‌ರೂಫು ಬೇರೆ.

ಗಂಡ ಒಂದೊಂದು ಕಾರಿನ ಹಿಂದಿನ ಬಾಗಿಲನ್ನೂ ತೆಗೆದು ಹಿಡಿದ. ಹೆಂಗಸು ಕೂತು, ಕಾಲು ಚಾಚಿ, ಅಳತೆ ನೋಡಿದಳು. ಅವಳು ಇಳಿಯುವವರೆಗೂ ಇವನ ಕೈ ಬಾಗಿಲು ಬಿಡಲಿಲ್ಲ. ಹದಿನೆಂಟು ವರ್ಷದ ಸಂಸಾರದಲ್ಲಿ ಹೆಂಡತಿಗಾಗಿ ಒಂದು ಬಾಗಿಲು ತೆಗೆದವನಲ್ಲ. ಆಮೇಲೆ ತಾನು ಮುಂದೆ ಕೂತು ಕ್ಲಚ್ ಒತ್ತಿದ, ಕನ್ನಡಿ ತಿರುಗಿಸಿದ, ಇಳಿದು ಬಗ್ಗಿ ಕಾರಿನ ಅಡಿ ನೋಡಿದ. ಆ ಹೆಂಗಸು ಇವನ ಮುಖವನ್ನೇ ನೋಡುತ್ತಿದ್ದಳು. ಇವನು ತಲೆಯಾಡಿಸಿದರೆ ಅವಳಿಗೆ ಒಪ್ಪಿಗೆ.

“ಟಾಪ್ ಬೇಡ, ಮಧ್ಯದ್ದೇ ಇರ್ಲಿ,” ಎಂದಳು ಹೆಂಗಸು. “ಅದ್ರಲ್ಲಿ ಮುಂದಿನ ಸೀಟು ಎತ್ತರ ಮಾಡ್ಕೋಬಹುದು. ದಿನವಿಡೀ ಕೂರೋರು ನೀವು, ನಿಮಗೆ ಬೆನ್ನು ನೋವು ಬೇರೆ.”

ಕೆಂಪು ಕಾರಿನೊಳಗೆ ಇವಳು ಕಿಟಕಿಯ ಸಂದಿಗೆ ಇನ್ನಷ್ಟು ಒತ್ತಿಕೊಂಡಳು. ರಾತ್ರಿ ಮುಲಾಮು ತಿಕ್ಕುವವಳು ಇಲ್ಲಿ, ಕನಿಕರ ತೋರಿಸುವವಳು ಅಲ್ಲಿ. ಹುಡುಗಿ ಅಂಕಲ್ ಅಂಕಲ್ ಎಂದು ಗಂಡನ ತೋಳು ಹಿಡಿದು ಜಗ್ಗಿದಳು. ಸದ್ಯ, ಅಪ್ಪ ಅನ್ನುವುದನ್ನು ಇನ್ನೂ ಕಲಿಸಿಲ್ಲ.

ಹೆಂಗಸು ಮಗುವನ್ನು ಕರೆದುಕೊಂಡು ಬೆಲೆ ಮಾತಾಡಲು ಮೇಜಿನ ಕಡೆ ಹೋದಳು. ಗಂಡ ಮಧ್ಯದ ಮಾಡೆಲ್‌ನ ಗಾಜಿನ ಮೇಲಿನ ಬೆರಳ ಗುರುತನ್ನು ಕರ್ಚೀಫಿನಿಂದ ಒರೆಸುತ್ತ ನಿಂತ. ಇವಳು ಇಳಿದು ಬಂದು ಎದುರಿಗೆ ನಿಂತಾಗ ಅವನ ಮುಖ ಬಿಳಿಚಿಕೊಂಡಿತು.

“ಒಂದೇ ಮಾತು ಕೇಳ್ತೀನಿ,” ಎಂದಳು, ದನಿ ಏರಿಸದೆ. “ಅವಳಿಗೂ ನಿಮಗೂ ಸಂಬಂಧ ಇದೆಯಾ? ಇಲ್ಲ ಅನ್ನೋದಾದ್ರೆ ಇಲ್ಲಿ ನಿಮಗೇನ್ರೀ ಕೆಲಸ, ಅದನ್ನಾದ್ರೂ ಹೇಳಿ.”

ಗಂಡ ಕರ್ಚೀಫು ಮಡಚಿದ. ಜೇಬಿಗಿಟ್ಟ. ಇಲ್ಲ ಅನ್ನಲಿ ಎಂದು ಇವಳು ಒಳಗೊಳಗೇ ಅಂಗಲಾಚಿದಳು. ದೂರದ ಸಂಬಂಧಿ ಅನ್ನಲಿ, ಸಾಹೇಬರ ಹೆಂಡತಿ ಅನ್ನಲಿ, ಬಾಯಿಗೆ ಬಂದದ್ದು ಅನ್ನಲಿ. ಎಂಥ ಸುಳ್ಳನ್ನಾದರೂ ನುಂಗಿಕೊಂಡು ಮನೆಗೆ ಹೋಗಿ ಅಡುಗೆ ಮಾಡಲು ಅವಳು ತಯಾರಿದ್ದಳು. ಅವನನ್ನು ಬಿಟ್ಟು ಅವಳಿಗೆ ಯಾರಿದ್ದರು?

ಗಂಡ ಮೇಜಿನ ಕಡೆ ಒಮ್ಮೆ ನೋಡಿದ. ಆಮೇಲೆ ತಲೆಯೆತ್ತಿ ಹೆಂಡತಿಯ ಕಣ್ಣನ್ನೇ ನೋಡಿದ.

“ಹೌದು,” ಎಂದ. “ಇದೆ.”

ಅವಳಿಗೆ ಅಳು ಬರಲಿಲ್ಲ. ಬಾಯಿ ಕಹಿಯಾಯಿತು.

“ಮನೆ ಕಡೆ ತಲೆ ಹಾಕ್ಬೇಡಿ. ಬಟ್ಟೆಬರೆ ಕಳಿಸ್ತೀನಿ.”

ತಿರುಗಿದರೆ ಆ ಹೆಂಗಸು ಎದುರಿಗೇ ಬರುತ್ತಿದ್ದಳು. ಬಿಡುವುದು ಹೇಗೆ? ಅವಳ ಮುಖದ ಬಣ್ಣ ಇಳಿಯುವುದನ್ನಾದರೂ ಕಣ್ಣಾರೆ ನೋಡಬೇಡವೇ?

“ನಾನು ಇವರ ಹೆಂಡತಿ,” ಎಂದಳು.

ಹೆಂಗಸಿನ ಮುಖ ಅರಳಿತು.

“ಓ, ನೀವೇನಾ? ಒಂದಿನ ಮನೆಯವರನ್ನ ಕರ್ಕೊಂಡ್ ಬನ್ನಿ ಅಂತ ಹೇಳ್ತಾನೇ ಇದ್ದೆ. ಕಂಪನಿ ಮುಚ್ಚಿದ್ಮೇಲೆ ಪಾಪ, ಕೆಲಸಕ್ಕೆ ಎಷ್ಟು ಅಲೆದ್ರಂತೆ. ಇಂಥ ಡ್ರೈವರ್ ಸಿಕ್ಕಿದ್ದು ನಮ್ಮ ಪುಣ್ಯ.”

ಸಂಬಂಧ ಇದೆ ಎನ್ನುವಾಗ ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದ ಗಂಡ, ಈಗ ತಲೆ ತಗ್ಗಿಸಿದ.