ಪಟ್ಟಲಮ್ಮನ ಬೀಗದ ಕೈ

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, ದೊಡ್ಡ ದೊಡ್ಡವರು ಮೇಜಿನ ಸುತ್ತ ಕೂತು ಲೋಕದ ಗಡಿಗಳನ್ನು ಗೊತ್ತುಮಾಡುತ್ತಿದ್ದ ಕಾಲದಲ್ಲಿ, ಮಂಡ್ಯದ ಆಸ್ಪತ್ರೆಯ ಒಂದು ಮೇಜಿಗೂ ಅಷ್ಟೇ ಗಹನವಾದ ಪ್ರಶ್ನೆಯೊಂದು ಬಂತು: ದುದ್ದದ ಪಟ್ಟಲಮ್ಮನ ಮನೆಯ ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿರಬೇಕು?

ಸದ್ಯಕ್ಕೆ ಅದು ಸೊಸೆ ಯಶೋದಮ್ಮನ ಸೊಂಟದಲ್ಲಿತ್ತು. ಮೂರ್ಛೆ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂಬುದು ಊರಿಗೆಲ್ಲ ಗೊತ್ತಿರುವ ಶಾಸ್ತ್ರ. ಸೊಸೆ ಬಿದ್ದಾಗಲೆಲ್ಲ ಓಡಿಹೋಗಿ ಕಬ್ಬಿಣ ಹುಡುಕುವುದು ಸಾಕಾಗಿ, ಪಟ್ಟಲಮ್ಮ ಒಂದು ದಿನ ತನ್ನ ಗೊಂಚಲನ್ನೇ ಹುರಿಯಲ್ಲಿ ಪೋಣಿಸಿ ಅವಳ ಸೊಂಟಕ್ಕೆ ಕಟ್ಟಿಬಿಟ್ಟಿದ್ದಳು. ಒಲೆಯ ಮುಂದೆ ಕೂರಬೇಡ, ಬಾವಿಯ ಕಡೆ ಸುಳಿಯಬೇಡ ಎಂದು ಮೂಲೆಗೆ ಹಾಕಿದ್ದ ಹೆಣ್ಣು. ಮಗ ಕರಿಯಪ್ಪನಿಗೆ ಇನ್ನೊಂದು ಸಂಬಂಧ ನೋಡುವ ಮಾತೂ ಎದ್ದಿತ್ತು. ಅಂಥವಳು ಹೀಗೆ, ಯಾರೂ ಬಯಸದೆ, ಮನೆಯ ಯಜಮಾನಿಯಾದಳು. ಉಗ್ರಾಣ ಅವಳದು, ತುಪ್ಪದ ಗಡಿಗೆ ಅವಳದು. ಒಂದಚ್ಚು ಬೆಲ್ಲ ಬೇಕಾದರೂ ಅತ್ತೆ ಸೊಸೆಯನ್ನು ಕೇಳಬೇಕಾಯಿತು.

ಬೀಗದ ಕೈ ಕಟ್ಟಿದ ವರ್ಷವೇ ಮಂಡ್ಯದ ಆಸ್ಪತ್ರೆಯ ಡಾಕ್ಟರ್ ನಜೀರ್ ಅಹ್ಮದರ ಮೂರ್ಛೆಯ ಮಾತ್ರೆಯೂ ಶುರುವಾಗಿತ್ತು. ಹಳೆಯ ಔಷಧಿ ಕುಡಿದರೆ ರೋಗದ ಜೊತೆಗೆ ರೋಗಿಯೂ ಮಲಗಿಬಿಡುತ್ತಿದ್ದ. ಹಡಗಿನಲ್ಲಿ ಬಂದ ಈ ಹೊಸ ಮಾತ್ರೆ ಹಾಗಲ್ಲವೆಂದು ಸಾಧಿಸಿ ತೋರಿಸುವುದು ಡಾಕ್ಟರ ಹಂಬಲ. ಮದ್ದೂರು, ಮಳವಳ್ಳಿ ಕಡೆಯಿಂದೆಲ್ಲ ರೋಗಿಗಳನ್ನು ಕಲೆಹಾಕಿದ್ದರು. ಅವರಲ್ಲಿ ಯಶೋದಮ್ಮ ಅವರ ಹೆಮ್ಮೆ. ವರ್ಷವಾದರೂ ಮತ್ತೆ ಬಿದ್ದಿರಲಿಲ್ಲ. ವಸಡು ಮಾತ್ರ ಸ್ವಲ್ಪ ಊದಿಕೊಂಡಿತ್ತು. ವೈದ್ಯರ ಪತ್ರಿಕೆಗೆ ಸಿದ್ಧಮಾಡುತ್ತಿದ್ದ ಲೇಖನದಲ್ಲಿ ಅದನ್ನೂ ಬರೆಯಬೇಕೆಂದುಕೊಂಡಿದ್ದರು, ಪ್ರಾಮಾಣಿಕರು. ಆದರೆ ಬೆಂಗಳೂರಿನ ಹಿರಿಯ ಡಾಕ್ಟರೊಬ್ಬರು, ಗುಣವಾದದ್ದು ನಿಮ್ಮ ಮಾತ್ರೆಯಿಂದಲೋ ಆಕೆಯ ಸೊಂಟದ ಕಬ್ಬಿಣದಿಂದಲೋ ಎಂದು ಕೇಳಿ ನಕ್ಕಿದ್ದರು. ನಜೀರ್ ಅಹ್ಮದರಿಗೆ ಹಾಸ್ಯವನ್ನು ಹಾಸ್ಯವೆಂದು ಬಿಡುವ ಅಭ್ಯಾಸವಿರಲಿಲ್ಲ.

"ಮಾತ್ರೆ ನಿಲ್ಲಿಸೋ ಹಾಗಿಲ್ಲ ತಾಯಿ, ಅಪಾಯ," ಎಂದರು ಆ ದಿನ ಸೊಸೆಯ ಜೊತೆ ಬಂದಿದ್ದ ಪಟ್ಟಲಮ್ಮನಿಗೆ. "ಬೀಗದ ಕೈ ಒಂದಾರು ತಿಂಗಳು ಬಿಚ್ಚಿಡಲಿ. ಯಾವುದರಿಂದ ವಾಸಿ ಅನ್ನೋದು ತಿಳಿದುಹೋಗುತ್ತೆ."

ಪಟ್ಟಲಮ್ಮ ಇಂಥ ಮಾತಿಗೆ ವರ್ಷದಿಂದ ಕಾದಿದ್ದವಳು. ಅಂಗೈ ಚಾಚಿಯೇಬಿಟ್ಟಳು. "ಕೊಡಮ್ಮಿ. ಡಾಕ್ಟ್ರೇ ಏಳ್ತಾವ್ರೆ."

ಯಶೋದಮ್ಮನ ಕೈ ಸೊಂಟಕ್ಕೆ ಹೋಯಿತು. ಆ ಅಂಗೈಗೆ ಬಿದ್ದ ಗೊಂಚಲು ಆರು ತಿಂಗಳಿಗಲ್ಲ, ಆರು ವರ್ಷಕ್ಕೂ ಹಿಂದಕ್ಕೆ ಬರುವುದಿಲ್ಲ. ಆಮೇಲೆ ಮತ್ತೆ ಅದೇ ಮೂಲೆ. ಅವಳು ಹುರಿಯ ಗಂಟು ಹುಡುಕುತ್ತಾ ಡಾಕ್ಟರ ಕಡೆ ತಿರುಗಿದಳು.

"ಕೊಡ್ತೀನಿ ಸ್ವಾಮಿ. ಇದ ಬಿಚ್ಚಿಟ್ ಮೇಲೂ ನಂಗೆ ಮೂರ್ಚೆ ಬರ್ನಿಲ್ಲ ಅನ್ನಿ. ಆಗ ಏನಂತ ಬರೀತೀರಿ?"

"ಬೀಗದ ಕೈಯಿಂದ ಏನೂ ಆಗಿರಲಿಲ್ಲ ಅಂತ ಬರೀತೀನಮ್ಮ." ತನ್ನ ಪ್ರಯೋಗ ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಡಾಕ್ಟರ ಮುಖ ಅರಳಿತು.

"ಅಚ್ಚಾಯ್ತದಾ ಅದು?"

"ಆಗದೆ ಏನು!"

"ಅಂಗಾರೆ ದುದ್ದದೋರ್ಗೂ ಗೊತ್ತಾಯ್ತದೆ ಬುಡಿ," ಎಂದು ಯಶೋದಮ್ಮ ಗಂಟು ಸಡಿಲಿಸತೊಡಗಿದಳು.

ಚಾಚಿದ ಅಂಗೈ ಚಾಚಿದಂತೆಯೇ ನಿಂತಿತು. ಸೊಸೆಗೆ ಗುಣವಾದಂದಿನಿಂದ ಪಟ್ಟಲಮ್ಮನ ಕೀರ್ತಿ ಹೋಬಳಿ ದಾಟಿತ್ತು. ಮಳವಳ್ಳಿಯಿಂದ ಒಬ್ಬಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು, ಆ ಗೊಂಚಲನ್ನು ಮಗುವಿನ ಹಣೆಗೆ ಮುಟ್ಟಿಸಿಕೊಂಡು, ಕಾಲಿಗೆ ಬಿದ್ದು ಹೋಗಿದ್ದಳು. ಹತ್ತು ವರ್ಷ ಮುಖ ತಿರುಗಿಸಿದ್ದ ಮದ್ದೂರಿನ ನಾದಿನಿ ತಾನಾಗಿ ಬಂದು, ನಿನ್ನ ಕೈಗುಣ ದೊಡ್ಡದು ಕಣತ್ತಿಗೆ ಅಂದಿದ್ದಳು. ಈಗ ಅದು ಬರೀ ಕಬ್ಬಿಣವಂತೆ ಎಂದು ಕಾಗದದ ಮೇಲೆ ಅಚ್ಚಾದರೆ? ಅಂಗೈ ನಿಧಾನವಾಗಿ ಮಡಚಿಕೊಂಡು ಸೆರಗಿನೊಳಕ್ಕೆ ಹೋಯಿತು.

"ಕಟ್ಕೊ, ಬಿಚ್ಬ್ಯಾಡ," ಎಂದಳು. ಆಮೇಲೆ ಡಾಕ್ಟರ ಕಡೆ ತಿರುಗಿ, "ಸ್ವಾಮಿ, ನಿಮ್ ಮಾತ್ರೆ ನುಂಗಿ ನಮ್ ಸೊಸೆ ವಸಡು ಊದ್ಕಂತು. ನನ್ ಬೀಗದ್ಕೈಯಿಂದ ಯಾರ್ಗಾರ ಏನಾರ ಊದದಾ? ಒಂದ ನಿಲ್ಲುಸ್ಲೇಬೇಕು ಅಂದ್ರೆ ನಿಮ್ದೇ ನಿಲ್ಸಿ," ಎಂದಳು.

"ಬೇಡ ತಾಯಿ," ಎಂದು ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. "ಎರಡೂ ಇರಲಿ."

ಯಶೋದಮ್ಮ ಗಂಟನ್ನು ಮೊದಲಿಗಿಂತ ಬಿಗಿಯಾಗಿ ಹಾಕಿಕೊಂಡಳು. ಇದ್ದಿಲಿನಲ್ಲಿ ಓಡುವ ಬಸ್ಸು ಹಿಡಿಯಲು ಅತ್ತೆ ಸೊಸೆ ಹೊರಟಾಗ ಆಸ್ಪತ್ರೆಯ ಮೊಗಸಾಲೆಯುದ್ದಕ್ಕೂ ಗೊಂಚಲಿನ ಸದ್ದು ಕೇಳಿಸಿತು. ಮುಂದೆ ನಡೆಯುತ್ತಿದ್ದವಳು ಪಟ್ಟಲಮ್ಮ. ಸದ್ದು ತನ್ನದೇ ಎಂಬಂತೆ ತಲೆಯೆತ್ತಿ ನಡೆದಳು.

ಆಮೇಲೆ ಅವಳು ತನ್ನ ವೈದ್ಯಕ್ಕೆ ಒಂದು ಪಥ್ಯ ಸೇರಿಸಿದಳು: ಸೊಂಟದಲ್ಲಿ ಬೀಗದ ಕೈ ಇದ್ದವರು ಮಂಡ್ಯದ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಕೂಡದು. ತಪ್ಪಿಸಿದರೆ ಕಬ್ಬಿಣ ಮುನಿಯುತ್ತದೆ. ಅವಳು ಕಳಿಸಿದಷ್ಟು ಶಿಸ್ತಿನ ರೋಗಿಗಳನ್ನು ನಜೀರ್ ಅಹ್ಮದರು ಕಂಡಿರಲಿಲ್ಲ. ಅವರ ಲೇಖನ ಅಚ್ಚಾಯಿತು. ಮಾತ್ರೆ ಒಳ್ಳೆಯದು, ವಸಡಿನ ಮೇಲೆ ಕಣ್ಣಿರಲಿ ಎಂದು ಅದರಲ್ಲಿತ್ತು. ರೋಗಿಗಳಲ್ಲಿ ಬಹುಪಾಲು ಜನ ಸೊಂಟಕ್ಕೆ ಬೀಗದ ಕೈ ಕಟ್ಟಿದ್ದರು ಎಂಬ ಸಾಲನ್ನೂ ಡಾಕ್ಟರು ಬರೆದಿದ್ದರು. ಬೆಂಗಳೂರಿನ ಹಿರಿಯರು ಅಚ್ಚಿಗೆ ಮೊದಲೇ ಅದನ್ನು ಹೊಡೆದುಹಾಕಿದ್ದರು.

ಗೊಂಚಲು ಯಶೋದಮ್ಮನ ಸೊಂಟದಲ್ಲೇ ಉಳಿಯಿತು.