ಲಾಹೋರಿಗೆ ಕಟ್ಟಿದ ರೊಟ್ಟಿ

ಜೋಳದ ರೊಟ್ಟಿ ಸುಡುವ ವಾಸನೆ ಬಂದರೆ ಈಗಲೂ ನನಗೆ ಹಸಿವಾಗುವುದಿಲ್ಲ, ಯಶವಂತಪುರದ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಪಾಕಿಸ್ತಾನದ ಜೊತೆಗಿನ ಯುದ್ಧಕ್ಕೆ ಹೋದ ಕಾಕಾ, ಅಪ್ಪನ ತಮ್ಮ, ಕಾಣೆಯಾಗಿ ವರ್ಷಗಳಾಗಿದ್ದವು. ಅವನು ಗಡಿಯಾಚೆ ಎಲ್ಲೋ ಸೆರೆಯಲ್ಲಿದ್ದಾನೆಂದೇ ಅಜ್ಜಿ ನಂಬಿದ್ದಳು. ಲಾಹೋರಿಗೆ ಮತ್ತೆ ರೈಲು ಬಿಟ್ಟಿದ್ದಾರೆಂದು ಯಾರೋ ಹೇಳಿದ್ದೇ ತಡ, ಅಜ್ಜಿ ರೊಟ್ಟಿ ಬಡಿದು, ಖಡಕ್ಕಾಗಿ ಒಣಗಿಸಿ, ಕಾಕಾನ ಹಳೆಯ ಧೋತರದಲ್ಲಿ ಕಟ್ಟತೊಡಗಿದಳು. ಅಪ್ಪ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ದಾರಿ ಬರೆದು ತೋರಿಸುತ್ತಿದ್ದ.

"ಇದು ದಿಲ್ಲಿ, ಇದು ಅಮೃತಸರ. ಅಟಾರಿಯೊಳಗ ಗಾಡಿ ಬದಲಿಸಿದ್ರ ಲಾಹೋರ್, ಅವ್ವಾ."

"ಅಲ್ಲಿಂದ ಅವ ಇರೂ ಊರಿಗೆ ಯಾವ ಗಾಡಿ?"

ಸೀಮೆಸುಣ್ಣ ನಿಂತಿತು. ಅಪ್ಪ ಬೆರಳಿಗೆ ಹತ್ತಿದ ಬಿಳಿ ಪುಡಿಯನ್ನು ಅಂಗಿಗೆ ಒರೆಸಿಕೊಂಡ. ಹೊರಗೆ ಯಾವುದೋ ಗೂಡ್ಸ್ ಗಾಡಿ ಕೂಗಿ ಹೋಯಿತು.

ಅಜ್ಜಿ ಗಂಟು ಬಿಗಿದಳು.

"ನಿಧಾನಕ ಕೇಳಿ ಹೇಳಪಾ. ಖಡಕ್ ರೊಟ್ಟಿ, ಕೆಡಂಗಿಲ್ಲ."